ಶ್ರುತಿ ಇಳಿಸಿ, ಹಾಡು ಬಿಡಬೇಡಿ

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಲದ ಮೂರು ಪತ್ರಗಳದ್ದೂ ಒಂದೇ ತಕರಾರು: ಇಪ್ಪತ್ತರ ಆಸುಪಾಸಿನಲ್ಲಿ ಕಟ್ಟಿಕೊಂಡ ಆಸೆಯನ್ನು ಐವತ್ತು ದಾಟಿದ ಮೇಲೆ ಏನು ಮಾಡುವುದು?

ನನಗೆ 56. ಮದುವೆಗೆ ಮುಂಚೆ ಹಿಂದೂಸ್ತಾನಿ ಕಲಿಯುತ್ತಿದ್ದೆ, ಕಪ್ಪು ಐದರಲ್ಲಿ (ಹಾರ್ಮೋನಿಯಂನ ಐದನೇ ಕಪ್ಪು ಮನೆಯನ್ನು ಸಾ ಮಾಡಿಕೊಂಡು) ಹಾಡುತ್ತಿದ್ದೆ. ಆಕಾಶವಾಣಿಯಲ್ಲಿ ಹಾಡುವ ಆಸೆ ಇತ್ತು. ಈಗ ಹಾರ್ಮೋನಿಯಂ ತೆಗೆದರೆ ತಾರ ಷಡ್ಜ (ಮೇಲಿನ ಸಾ) ಮುಟ್ಟುವಷ್ಟರಲ್ಲಿ ಗಂಟಲು ಹಿಡಿಯುತ್ತದೆ. ನಾಲ್ಕು ವಚನ ನೆಟ್ಟಗೆ ಹಾಡಿದರೆ ಸಾಕು ಅನ್ನಿಸುತ್ತಿದೆ. ಮತ್ತೆ ಶುರು ಮಾಡಬಹುದೇ?
— ವಿದ್ಯಾನಗರ, ದಾವಣಗೆರೆ

ಧಾರಾಳವಾಗಿ. ಆದರೆ ಮೊದಲು ಕಪ್ಪು ಐದನ್ನು ಬಿಡಿ. ಮುಟ್ಟು ನಿಂತ ಮೇಲೆ ಹೆಂಗಸರ ದನಿ ತುಸು ದಪ್ಪವಾಗಿ ಕೆಳಗಿಳಿಯುವುದು ಸಹಜ. ಮೂವತ್ತು ವರ್ಷದ ಹಿಂದಿನ ಶ್ರುತಿಯಲ್ಲೇ ತಂಬೂರಿ ಇಟ್ಟುಕೊಂಡು ಹಟ ಮಾಡಿದರೆ ಕೆಡುವುದು ಗಂಟಲು.

ನಿಮ್ಮ ಈಗಿನ ಷಡ್ಜ ಹುಡುಕುವುದು ಹೀಗೆ. ಬೆಳಿಗ್ಗೆ ಎದ್ದ ತಕ್ಷಣ ದನಿ ಇದ್ದದ್ದಕ್ಕಿಂತ ಕೆಳಗಿರುತ್ತದೆ, ಹಾಗಾಗಿ ಸಂಜೆ ಕೂತು ನೋಡಿ. ಬಿಳಿ ಐದನ್ನು ಸಾ ಮಾಡಿಕೊಂಡು ಮಂದ್ರ ಪಂಚಮಕ್ಕೆ (ಕೆಳಗಿನ ಪ) ಇಳಿಯಿರಿ, ಅಲ್ಲಿಂದ ತಾರ ಗಾಂಧಾರಕ್ಕೆ (ಮೇಲಿನ ಗ) ಹತ್ತಿ. ಕೆಳಗೆ ದನಿ ಗಾಳಿಯಾಗಬಾರದು, ಮೇಲೆ ಗದ್ದ ಎತ್ತಬಾರದು. ಎತ್ತಿದರೆ ಕಪ್ಪು ಮೂರಕ್ಕೆ ಇಳಿಯಿರಿ. ಎರಡೂ ತುದಿ ಸಲೀಸಾಗಿ ಸಿಗುವ ಮನೆಯೇ ನಿಮ್ಮದು.

ಅಭ್ಯಾಸ ದಿನಕ್ಕೆ ಎರಡು ಸಲ, ಇಪ್ಪತ್ತಿಪ್ಪತ್ತು ನಿಮಿಷ. ಒಂದೇ ಪಟ್ಟಿಗೆ ಒಂದೂವರೆ ತಾಸು ಹಾಡಿ ಮೂರು ದಿನ ಗಂಟಲು ಕಟ್ಟಿಸಿಕೊಳ್ಳುವವರೇ ಜಾಸ್ತಿ. ಮೊದಲ ಐದು ನಿಮಿಷ ಒಂದು ಲೋಟದಲ್ಲಿ ಅರ್ಧ ನೀರು ಹಾಕಿ, ಸ್ಟ್ರಾದ ತುದಿಯನ್ನು ಎರಡು ಬೆರಳಷ್ಟು ಮುಳುಗಿಸಿ, ಗುಳ್ಳೆ ಎಬ್ಬಿಸುತ್ತ ‘ಊ’ ಎಂದು ಸಾ ಹಿಡಿಯಿರಿ. ತಮಾಷೆಯಾಗಿ ಕಂಡೀತು, ಮೊಮ್ಮಕ್ಕಳು ನಕ್ಕಾರು. ಆದರೆ ಸ್ವರತಂತುಗಳಿಗೆ ಪೆಟ್ಟು ಬೀಳದೆ ದನಿ ಕಾಯುತ್ತದೆ. ಆಮೇಲೆ ಸಾ, ನಿ, ಧ, ಪ ಎಂದು ಇಳಿಯುತ್ತ ಒಂದೊಂದು ಸ್ವರವನ್ನು ಒಂದೊಂದು ಉಸಿರು ಹಿಡಿಯುವುದು. ಶುರುವಿನಲ್ಲಿ ಹತ್ತು ಸೆಕೆಂಡಿಗೇ ದನಿ ಅಲುಗಾಡುತ್ತದೆ. ಅದು ಬಹುಮಟ್ಟಿಗೆ ಉಸಿರಿನ ದೋಷ. ಅಲುಗಾಟ ಬಂದಲ್ಲೇ ನಿಲ್ಲಿಸಿ, ಎಳೆಯಬೇಡಿ. ಕೊನೆಗೆ ಭೂಪ ರಾಗದ ಅಲಂಕಾರಗಳು (ಸ್ವರವರಸೆಗಳು).

ವಚನಕ್ಕೆ ಬಂದಾಗ ಧ್ವನಿಮುದ್ರಿಕೆಯ ಜೊತೆಜೊತೆಗೇ ಹಾಡಬೇಡಿ, ಅದರ ಶ್ರುತಿ ನಿಮ್ಮದಲ್ಲ. ಸಾಲನ್ನು ಬರೆದುಕೊಂಡು ಉಸಿರು ತೆಗೆದುಕೊಳ್ಳುವ ಕಡೆ ಗೀಟು ಹಾಕಿ. ಗೀಟು ಅರ್ಥ ಮುಗಿಯುವಲ್ಲಿ ಬೀಳಬೇಕು, ಪದದ ನಡುವೆ ಬೀಳಬಾರದು. ಪರೀಕ್ಷೆಯ ಗುರಿ ಬೇಕೆಂದರೆ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕದಿಂದ ತೊಡಗಬಹುದು. ದನಿ ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯ ಸಾಕು ಮಾಡಿ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ.
— ಸಂಗೀತ ಶಿಕ್ಷಕಿ

ಮುಂದಿನ ವರ್ಷ ನಿವೃತ್ತಿ. ಬೆಣ್ಣೆ ದೋಸೆ ಹೋಟೆಲ್ ಇಡಬೇಕೆಂದು 25ರಲ್ಲೇ ಅಂದುಕೊಂಡಿದ್ದೆ. ಈಗ ದಿನವಿಡೀ ನಿಲ್ಲುವ ಶಕ್ತಿ ಇಲ್ಲ. ಭಾನುವಾರ ಬೆಳಿಗ್ಗೆ ಮಾತ್ರ, ಮನೆ ಮುಂದೆಯೇ ಇಟ್ಟರೆ ಆದೀತೇ?
— ಪಿ.ಜೆ. ಬಡಾವಣೆ, ದಾವಣಗೆರೆ

ಆಗುತ್ತದೆ. ಹಳೆಯ ಆಸೆಗಿಂತ ಈ ಲೆಕ್ಕವೇ ವಾಸಿ. ಬಾಡಿಗೆ ಇಲ್ಲ, ಆಳಿನ ಕಾಟ ಇಲ್ಲ. ಒಂದು ಕೆಜಿ ದೋಸೆ ಅಕ್ಕಿಗೆ ಕಾಲು ಕೆಜಿಗಿಂತ ತುಸು ಕಮ್ಮಿ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಎರಡು ಲೀಟರ್ ಪಾತ್ರೆ ತುಂಬ ಮಂಡಕ್ಕಿ. ಮಂಡಕ್ಕಿಯನ್ನು ರುಬ್ಬುವ ಹತ್ತು ನಿಮಿಷ ಮುಂಚೆ ನೆನೆಸಿ ಹಿಂಡಿದರೆ ಸಾಕು. ಇಷ್ಟರಲ್ಲಿ ಮೂವತ್ತರ ಆಸುಪಾಸು ದೋಸೆ, ಅದಕ್ಕೆ ಅರ್ಧ ಕೆಜಿ ಬೆಣ್ಣೆ. ಮೊದಲ ಎಂಟು ಭಾನುವಾರ ಇದಕ್ಕಿಂತ ಜಾಸ್ತಿ ರುಬ್ಬಬೇಡಿ.

ಕೈಕೊಡುವುದು ಹುಳಿಯಲ್ಲಿ. ನಮ್ಮೂರ ಏಪ್ರಿಲ್ ಸೆಕೆಯಲ್ಲಿ ಹಿಟ್ಟು ಆರೇ ತಾಸಿಗೆ ಉಕ್ಕುತ್ತದೆ. ರಾತ್ರಿ ಹತ್ತಕ್ಕೆ ರುಬ್ಬಿ, ಉಪ್ಪನ್ನು ಬೆಳಿಗ್ಗೆ ಹಾಕಿ. ಡಿಸೆಂಬರಿನಲ್ಲಿ ಸಂಜೆ ಆರಕ್ಕೇ ರುಬ್ಬಬೇಕು. ಹೊಯ್ಯುವಾಗ ಹಿಟ್ಟು ಸೌಟಿಗೇ ಅಂಟಿಕೊಂಡು ಎದ್ದು ಬಂತೆಂದರೆ ಕಾವಲಿ ಅತಿಯಾಗಿ ಕಾದಿದೆ, ನೀರು ಚಿಮುಕಿಸಿ ಒರೆಸಿ. ಮೇಲ್ಮೈ ಹಸಿ ಇರುವಾಗಲೇ ಬೆಣ್ಣೆ ಸುರಿದರೆ ದೋಸೆ ಗರಿಯಾಗದೆ ಮೆತ್ತಗಾಗುತ್ತದೆ. ತೂತುಗಳು ಒಣಗಿದ ಮೇಲೆ ಹಾಕಿ. ಆಲೂಗಡ್ಡೆ ಪಲ್ಯ ಸಪ್ಪೆಯಾಗಿಯೇ ಇರಲಿ, ಖಾರದ ಕೆಲಸ ಚಟ್ನಿಯದು.

ಪಾಲಿಕೆಯ ಪರವಾನಗಿ, ಆಹಾರ ಸುರಕ್ಷತಾ ನೋಂದಣಿ ಮೊದಲೇ ಮಾಡಿಸಿ. ಮನೆಯ ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ, 19 ಕೆಜಿಯ ವಾಣಿಜ್ಯ ಸಿಲಿಂಡರ್ ಬೇಕು. ಕಾವಲಿಯ ಪಕ್ಕ ಎತ್ತರದ ಸ್ಟೂಲ್ ಇಟ್ಟುಕೊಳ್ಳಿ. ಗ್ರಾಚ್ಯುಟಿ ದುಡ್ಡಿಗೆ ಮಾತ್ರ ಕೈ ಹಾಕಬೇಡಿ.
— ಹೋಟೆಲ್ ಅಡುಗೆಯವರು

ವಯಸ್ಸು 66. ಚಿತ್ರದುರ್ಗದ ಕೋಟೆಯ ಏಳೂ ಸುತ್ತು ಒಂದೇ ದಿನ ನಡೆಯಬೇಕೆಂದು ಹುಡುಗನಾಗಿದ್ದಾಗಿನಿಂದ ಇತ್ತು, ಊರಲ್ಲೇ ಇದ್ದೂ ಆಗಲಿಲ್ಲ. ಈಗ ಏಕನಾಥೇಶ್ವರಿ ಗುಡಿವರೆಗಾದರೂ ಹೋಗಬೇಕು. ಬಲ ಮಂಡಿ ನೋವಿದೆ.
— ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಭಾರ, ಶಕ್ತಿ ಅದಕ್ಕೆ ಉಳಿಸಿಕೊಳ್ಳಿ. ಮೊದಲು ಆರು ವಾರ ತಯಾರಿ. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಐದು ಎಣಿಸುವವರೆಗೆ ಹಿಡಿಯಿರಿ. ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ಮೆಟ್ಟಿಲಲ್ಲಿ ಹತ್ತುವಾಗ ಎಡಗಾಲು ಮುಂದೆ, ಇಳಿಯುವಾಗ ನೋವಿನ ಬಲಗಾಲು ಮುಂದೆ. ಕೋಲು ಎಡಗೈಯಲ್ಲಿ. ನೋವಿರುವ ಕಡೆಯ ಕೈಯಲ್ಲೇ ಕೋಲು ಹಿಡಿಯುವುದು ಎಲ್ಲರೂ ಮಾಡುವ ತಪ್ಪು.

ಮಳೆ ಬಿದ್ದ ಮರುದಿನ ಬೇಡ, ಬಂಡೆ ಜಾರುತ್ತದೆ. ಗುಡಿಗೆ ಹೋಗಿಬಂದ ಮಾರನೆಯ ದಿನ ಮಂಡಿ ಊದದಿದ್ದರೆ ಮೂರು ವಾರ ಬಿಟ್ಟು ಗೋಪಾಲಸ್ವಾಮಿ ಹೊಂಡದ ಕಡೆಗೆ ಹೋಗಿಬನ್ನಿ; ಸುತ್ತುಗಳನ್ನು ಒಂದೇ ದಿನ ಮುಗಿಸಬೇಕೆಂದು ಯಾರೂ ಕಟ್ಟು ಹಾಕಿಲ್ಲ. ಊದಿದರೆ ಮೊದಲು ವೈದ್ಯರು.
— ಫಿಸಿಯೋಥೆರಪಿಸ್ಟ್