ದಡದಲ್ಲಿ ಕಾಡು, ಅದರಾಚೆ ಜೌಗು: ಸೈಬೀರಿಯಾದ ಸಣ್ಣ ನದಿಗಳು

ಪ್ರಶ್ನೆ: ಪಶ್ಚಿಮ ಸೈಬೀರಿಯಾದ ಉಪಗ್ರಹ ಚಿತ್ರಗಳಲ್ಲಿ, ಓಬ್ ನದಿಯನ್ನು ಸೇರುವ ಸಣ್ಣಪುಟ್ಟ ನದಿಗಳ ಎರಡೂ ದಡಗಳಲ್ಲಿ ಕಡುಹಸಿರು ಕಾಡು ಪಟ್ಟಿಯಂತೆ ಕಾಣುತ್ತದೆ. ದಡದಿಂದ ದೂರ ಸರಿದಂತೆ ಮರಗಳು ವಿರಳವಾಗಿ ನೆಲ ಕಂದುಬಣ್ಣಕ್ಕೆ ತಿರುಗುತ್ತದೆ. ನೀರಿನ ಕೊರತೆಯಿಂದಾಗಿ ಕಾಡು ನದಿಯನ್ನು ಆಶ್ರಯಿಸಿದೆಯೆ?

ಉತ್ತರ: ನಿಜವಾದ ಕಾರಣ ತಮ್ಮ ಊಹೆಗೆ ತೀರ ವಿರುದ್ಧವಾಗಿದೆ. ಅಲ್ಲಿನ ಮರಗಳಿಗೆ ಕೊರತೆಯಾಗಿರುವುದು ನೀರಲ್ಲ, ಬೇರುಗಳಿಗೆ ಬೇಕಾದ ಗಾಳಿ. ದಡದ ನೆಲ ಸುತ್ತಲಿನ ನೆಲಕ್ಕಿಂತ ಒಣಗಿರುವುದರಿಂದಲೇ ಅಲ್ಲಿ ಕಾಡು ದಟ್ಟವಾಗಿ ಬೆಳೆದಿದೆ.

ಇದು ಅರ್ಥವಾಗಬೇಕಾದರೆ ಮೊದಲು ಆ ಬಯಲಿನ ಸ್ವರೂಪವನ್ನು ಗಮನಿಸಬೇಕು. ಪಶ್ಚಿಮ ಸೈಬೀರಿಯಾದ ಬಯಲು ಜಗತ್ತಿನ ಅತಿ ವಿಶಾಲ ಸಮತಟ್ಟು ಪ್ರದೇಶಗಳಲ್ಲೊಂದು. ಅದರ ಅರ್ಧಕ್ಕಿಂತ ಹೆಚ್ಚು ಭಾಗ ಸಮುದ್ರಮಟ್ಟದಿಂದ 100 ಮೀಟರ್ ಎತ್ತರವನ್ನೂ ದಾಟುವುದಿಲ್ಲ. ಅಲ್ಲಿ ಬೀಳುವ ಮಳೆ ಮತ್ತು ಹಿಮವನ್ನು ಒಟ್ಟು ಸೇರಿಸಿದರೂ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಆಗುತ್ತದೆ. ಈ ಪ್ರಮಾಣ ದೊಡ್ಡದೇನಲ್ಲ. ಆದರೆ ಚಳಿಯ ಕಾರಣದಿಂದ ಆವಿಯಾಗಿ ಹೋಗುವ ನೀರು ಅದಕ್ಕಿಂತಲೂ ಕಡಿಮೆ. ಉಳಿದದ್ದು ಹರಿದುಹೋಗಲು ಇಳಿಜಾರೂ ಇಲ್ಲ. ಹೀಗಾಗಿ ಎರಡು ನದಿಗಳ ನಡುವಿನ ನೆಲದಲ್ಲಿ ನೀರು ನಿಂತಲ್ಲೇ ನಿಂತು, ಸ್ಫ್ಯಾಗ್ನಂ ಎಂಬ ಹಾವಸೆ ಬೆಳೆಯುತ್ತದೆ. ತನ್ನ ಒಣತೂಕದ ಇಪ್ಪತ್ತು ಪಟ್ಟಿನಷ್ಟು ನೀರನ್ನು ಹಿಡಿದಿಡಬಲ್ಲ ಈ ಹಾವಸೆ ಸತ್ತ ಮೇಲೆ, ಚಳಿ ಮತ್ತು ಆಮ್ಲಜನಕದ ಅಭಾವದಿಂದಾಗಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಶೇಖರವಾಗುತ್ತ ಹೋಗುತ್ತದೆ. ಇದನ್ನೇ ಪೀಟ್ ಎನ್ನುತ್ತಾರೆ. ಸಾವಿರಾರು ವರ್ಷಗಳಲ್ಲಿ ಪೀಟ್ ಎಷ್ಟು ಬೆಳೆಯುತ್ತದೆಂದರೆ, ಜೌಗಿನ ನಡುಭಾಗವೇ ಉಬ್ಬಿ ಅಂಚಿಗಿಂತ ಎತ್ತರವಾಗುತ್ತದೆ. ಅಲ್ಲಿ ಕುಬ್ಜವಾದ ಪೈನ್ ಮರಗಳು ಮಾತ್ರ ಅಲ್ಲಲ್ಲಿ ನಿಂತಿರುತ್ತವೆ. ಇಂತಹ ಜೌಗಿಗೆ ಸ್ಥಳೀಯರು ‘ರ್ಯಾಮ್’ ಎನ್ನುತ್ತಾರೆ.

ನದಿಯಾದರೋ ತನ್ನ ಪಾತ್ರವನ್ನು ಕೊರೆದುಕೊಂಡು ಸುತ್ತಲಿನ ನೆಲಕ್ಕಿಂತ ಕೆಳಗೆ ಹರಿಯುತ್ತದೆ. ಆದ್ದರಿಂದ ಅದರ ಎರಡೂ ಮಗ್ಗುಲ ಮಣ್ಣಿನಲ್ಲಿರುವ ನೀರು ಅದರೊಳಕ್ಕೆ ಬಸಿಯುತ್ತದೆ, ಬೇರುಗಳಿಗೆ ಉಸಿರಾಡಲು ಎಡೆಯಾಗುತ್ತದೆ, ಸ್ಪ್ರೂಸ್, ಫರ್, ಬರ್ಚ್ ಮತ್ತು ಸೈಬೀರಿಯಾದ ಸೀಡರ್ ಪೈನ್ ಮರಗಳು ಎತ್ತರಕ್ಕೆ ಬೆಳೆಯುತ್ತವೆ. ತಾವು ಚಿತ್ರದಲ್ಲಿ ಕಂಡ ಹಸಿರುಪಟ್ಟಿಯ ಅಗಲವು, ನದಿಯ ಬಸಿಯುವಿಕೆ ಎಲ್ಲಿಯವರೆಗೆ ಮುಟ್ಟಿದೆ ಎಂಬುದನ್ನು ಹೆಚ್ಚುಕಡಿಮೆ ಅಳೆದು ತೋರಿಸುತ್ತದೆ. ನೆಲದ ಮೇಲೆ ಹೆಜ್ಜೆಯಿಡದೆ ನೀರಿನ ನಡೆಯನ್ನು ಇಷ್ಟು ಸ್ಪಷ್ಟವಾಗಿ ಓದಬಹುದಾದ ಪ್ರದೇಶಗಳು ವಿರಳ, ಮತ್ತು ತಾವು ಅದನ್ನು ಗುರುತಿಸಿದ್ದು ನನಗೆ ಬಹಳ ಸಂತೋಷ ತಂದಿದೆ.

ಈ ನದಿಗಳ ಹುಟ್ಟೂ ಜೌಗಿನಲ್ಲೇ. ಓಬ್ ಮತ್ತು ಇರ್ತಿಶ್ ನದಿಗಳ ನಡುವೆ ಸುಮಾರು 53,000 ಚದರ ಕಿಲೋಮೀಟರ್ ಹರಡಿರುವ ವಸ್ಯುಗಾನ್ ಜೌಗು ಪ್ರದೇಶದಿಂದ ವಸ್ಯುಗಾನ್, ಪರಬೆಲ್, ಚಾಯಾ ನದಿಗಳು ಓಬ್ ಕಡೆಗೂ, ಓಮ್, ತಾರಾ, ದೆಮ್ಯಾಂಕಾ ನದಿಗಳು ಇರ್ತಿಶ್ ಕಡೆಗೂ ಹೊರಡುತ್ತವೆ. ಮೂಲದಲ್ಲಿ ಬೆಟ್ಟವಿಲ್ಲ, ಚಿಲುಮೆಯಿಲ್ಲ. ಎಲ್ಲಿ ಜೌಗು ಮುಗಿದು ನದಿ ಆರಂಭವಾಯಿತೆಂದು ಗೆರೆ ಎಳೆದು ಹೇಳುವುದೇ ಕಷ್ಟ. ಪೀಟ್‌ನಲ್ಲಿರುವ ಸಸ್ಯಾಂಶಗಳು ಕರಗಿ ಬರುವುದರಿಂದ ನೀರಿಗೆ ಕಡು ಚಹಾದ ಬಣ್ಣವಿರುತ್ತದೆ. ಅದು ಕೊಳಕಿನ ಗುರುತಲ್ಲ.

ಪ್ರಶ್ನೆ: ಚಳಿಗಾಲದಲ್ಲಿ ಇಂತಹ ಸಣ್ಣ ನದಿ ತಳದವರೆಗೂ ಹೆಪ್ಪುಗಟ್ಟುತ್ತದೆಯೆ? ಮೀನುಗಳ ಗತಿಯೇನು?

ಉತ್ತರ: ತೀರ ಕಿರಿದಾದ ತೊರೆಗಳು ಹಾಗೆ ಹೆಪ್ಪುಗಟ್ಟುವುದುಂಟು, ಆದರೆ ಸ್ವಲ್ಪ ಆಳವಿರುವ ನದಿಗಳು ಮಂಜುಗಡ್ಡೆಯ ಕೆಳಗೆ ಅಂತರ್ಜಲದ ಬಲದಿಂದ ಹರಿಯುತ್ತಲೇ ಇರುತ್ತವೆ. ಮೇಲೆ ಬಿದ್ದ ಹಿಮವು ಕಂಬಳಿಯಂತೆ ಹೊದ್ದುಕೊಂಡು ಗಡ್ಡೆ ಇನ್ನಷ್ಟು ದಪ್ಪವಾಗುವುದನ್ನು ನಿಧಾನಗೊಳಿಸುತ್ತದೆ. ತಳದ ನೀರು 4 ಡಿಗ್ರಿಯಲ್ಲಿ ಬೆಚ್ಚಗಿರುತ್ತದೆ ಎಂದು ಪಠ್ಯಪುಸ್ತಕಗಳಲ್ಲಿ ಓದಿರುತ್ತೇವೆ. ಅದು ನಿಂತ ನೀರಿಗೆ ಸಲ್ಲುವ ಮಾತು. ಹರಿಯುವ ನೀರು ಮೇಲಿನಿಂದ ತಳದವರೆಗೆ ಬೆರೆಯುತ್ತಿರುವುದರಿಂದ ನದಿಯಲ್ಲಿ ಎಲ್ಲೆಡೆಯೂ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ.

ಮೀನುಗಳಿಗೆ ಚಳಿಗಿಂತ ದೊಡ್ಡ ಅಪಾಯವೆಂದರೆ ಉಸಿರುಕಟ್ಟುವಿಕೆ. ಜೌಗಿನಿಂದ ಬಂದ ನೀರಿನಲ್ಲಿ ಮೊದಲೇ ಆಮ್ಲಜನಕ ಕಡಿಮೆ. ಅದರಲ್ಲಿರುವ ಸಸ್ಯಾಂಶ ಮತ್ತು ಕಬ್ಬಿಣ ಇದ್ದಬದ್ದ ಆಮ್ಲಜನಕವನ್ನೂ ಹೀರುತ್ತವೆ. ಮಂಜುಗಡ್ಡೆಯ ಮುಚ್ಚಳದಿಂದಾಗಿ ಹೊರಗಿನ ಗಾಳಿ ನೀರಿಗೆ ಸೇರುವುದಿಲ್ಲ. ಚಳಿಗಾಲದ ಕೊನೆಯ ಹೊತ್ತಿಗೆ ಓಬ್ ಮತ್ತು ಅದರ ಉಪನದಿಗಳ ದೀರ್ಘ ಭಾಗಗಳಲ್ಲಿ ತಲೆದೋರುವ ಈ ಸ್ಥಿತಿಗೆ ರಷ್ಯನ್ ಭಾಷೆಯಲ್ಲಿ ‘ಜಮೋರ್’ ಎಂಬ ಹೆಸರಿದೆ. ಕೆಲವು ಮೀನುಗಳು ಅದಕ್ಕೆ ಮುಂಚೆಯೇ ಓಬ್ ಕೊಲ್ಲಿಯತ್ತ ಇಳಿಯುತ್ತವೆ. ಉಳಿದವು ಚಿಲುಮೆಯ ಹೊಸ ನೀರು ಬಂದು ಸೇರುವ ಜಾಗಗಳಲ್ಲಿ ಗುಂಪುಗೂಡುತ್ತವೆ. ಆ ಜಾಗಗಳನ್ನು ‘ಝಿವೂನ್’ ಎನ್ನುತ್ತಾರೆ. ಜೀವಂತ ಎಂಬ ಅರ್ಥದ ಪದದಿಂದ ಬಂದ ಹೆಸರು ಅದು.

ಪ್ರಶ್ನೆ: ಈ ನದಿಗಳು ವಸಂತದಲ್ಲಿ ಹಿಂದಕ್ಕೆ ಹರಿಯುತ್ತವೆ ಎಂಬುದು ನಿಜವೆ?

ಉತ್ತರ: ಓಬ್ ಸೇರುವ ಸ್ಥಳದ ಹತ್ತಿರ ಅದು ನಿಜ. ಹಿಮ ಕರಗಿದಾಗ ಓಬ್ ಉಕ್ಕಿ, ಹತ್ತಾರು ಕಿಲೋಮೀಟರ್ ಅಗಲದ ಪ್ರವಾಹ ಬಯಲನ್ನು ತುಂಬುತ್ತದೆ. ಅದು ದಕ್ಷಿಣದಿಂದ ಉತ್ತರಕ್ಕೆ ಹರಿಯುವುದರಿಂದ, ಮೇಲ್ಭಾಗದಲ್ಲಿ ನೀರು ಬಿಡುಗಡೆಯಾದಾಗಲೂ ಕೆಳಭಾಗದಲ್ಲಿ ಮಂಜುಗಡ್ಡೆ ಗಟ್ಟಿಯಾಗಿಯೇ ಇದ್ದು ಹಾದಿಗೆ ಅಡ್ಡವಾಗುತ್ತದೆ. ಹೀಗೆ ಏರಿದ ನೀರು ಉಪನದಿಗಳ ಹರಿವನ್ನು ತಡೆಯುತ್ತದೆ, ಕೆಲವೊಮ್ಮೆ ಅವುಗಳ ಪಾತ್ರದೊಳಕ್ಕೇ ನುಗ್ಗುತ್ತದೆ. ಓಬ್ ಇಳಿಯುವವರೆಗೆ ಸಣ್ಣ ನದಿಯ ಕೆಳಭಾಗದ ನೆರೆಯೂ ಇಳಿಯುವುದಿಲ್ಲ.