ಲಸೋಟಾ ಹಾಕಿದ ಮೇಲೆ ಗೊರಗೊರ: ಬೀಳಗಿ ಅಕ್ಕಾರ ಪ್ರಶ್ನೆಗೆ

ಅಕ್ಕಾರೇ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. 240 ಮೊಟ್ಟೆ ಕೋಳಿ. ಭಾನುವಾರ ಲಸೋಟಾ (ಕೊಕ್ಕರೆ ರೋಗದ, ಅಂದರೆ ರಾಣಿಖೇತ್‌ನ ಲಸಿಕೆ) ಹಾಕಿದ್ದೀರಿ, ಗುರುವಾರದಿಂದ ಸೀನು, ಗೊರಗೊರ. ಮೊಟ್ಟೆ ಅರ್ಧಕ್ಕೆ ಇಳಿದಿದೆ, ಒಂಬತ್ತು ಸತ್ತಿವೆ. ಮೇಲಿನ ಉತ್ತರಗಳಲ್ಲಿ ಒಬ್ಬರು "ಸಿಆರ್‌ಡಿ, ಪುಡಿ ಹಾಕಿ" ಅಂದಿದ್ದಾರೆ (ಸಿಆರ್‌ಡಿ ಅಂದರೆ ಬ್ಯಾಕ್ಟೀರಿಯಾದಿಂದ ಬರುವ ಕೋಳಿಯ ಶ್ವಾಸರೋಗ). ಇನ್ನೊಬ್ಬರು "ಹಕ್ಕಿಜ್ವರ, ಕಥೆ ಮುಗೀತು" ಅಂದಿದ್ದಾರೆ. ಇಬ್ಬರೂ ಫೋಟೊ ನೋಡಿ ಹೇಳಿದ್ದು. ಫೋಟೊ ನೋಡಿ ಇದು ಹೇಳೋಕೆ ಬರಲ್ಲ.

ರೋಗ ಒಂದೇ ಇರಬೇಕು ಅಂತ ಏನೂ ಇಲ್ಲ. ನನ್ನ ಶೆಡ್ ಮುಧೋಳದ ಹತ್ತಿರ. ಎರಡು ಚಳಿಗಾಲದ ಹಿಂದೆ ನನಗೂ ಹೀಗೇ ಆಯ್ತು. ಔಷಧಿ ಅಂಗಡಿಯಿಂದ ಆಂಟಿಬಯಾಟಿಕ್ ಪುಡಿ ತಂದು ಐದು ದಿನ ನೀರಿಗೆ ಹಾಕಿದೆ. ಎರಡು ದಿನ ಸುಧಾರಿಸಿದ ಹಾಗೆ ಕಂಡಿತು, ಮತ್ತೆ ಕೆಟ್ಟಿತು. ಕೊನೆಗೆ ಪರೀಕ್ಷೆಗೆ ಕಳಿಸಿದರೆ ಎಚ್9ಎನ್2 ವೈರಸ್ ಇತ್ತು, ಐಬಿ (ಇನ್ಫೆಕ್ಷಿಯಸ್ ಬ್ರಾಂಕೈಟಿಸ್, ಶ್ವಾಸನಾಳದ ವೈರಸ್ ರೋಗ) ಇತ್ತು, ಮೇಲೆ ಇ. ಕೋಲೈ ಬ್ಯಾಕ್ಟೀರಿಯಾ ಬೇರೆ. ಪುಡಿ ಕೆಲಸ ಮಾಡಿದ್ದು ಕೊನೆಯದರ ಮೇಲೆ ಮಾತ್ರ. ವೈರಸ್‌ಗೆ ಆಂಟಿಬಯಾಟಿಕ್ ನಾಟುವುದಿಲ್ಲ.

ಎಚ್9ಎನ್2 ಕೂಡ ಹಕ್ಕಿಜ್ವರದ ಜಾತಿಯದೇ, ಆದರೆ ಸೌಮ್ಯದ್ದು. ಈ ವೈರಸ್ ಜೀವಕೋಶದ ಒಳಗೆ ಹೋಗಬೇಕಾದರೆ ವೈರಸ್‌ನ ಮೈಮೇಲಿನ ಒಂದು ಬೀಗ ತೆಗೆಯಬೇಕು. ಎಚ್9ಎನ್2 ಬೀಗದ ಕೀಲಿ ಕೋಳಿಯ ಶ್ವಾಸನಾಳ, ಕರುಳಲ್ಲಿ ಬಿಟ್ಟರೆ ಬೇರೆಡೆ ಅಷ್ಟಾಗಿ ಸಿಗಲ್ಲ. ಜೋರಾದ ಹಕ್ಕಿಜ್ವರ ಎಚ್5ಎನ್1, ಅದರ ಬೀಗದ ಕೀಲಿ ಕೋಳಿಯ ಮೈಯೆಲ್ಲ ಇದೆ, ಅದಕ್ಕೇ ಅದು ಒಂದೆರಡು ದಿನದಲ್ಲಿ ಶೆಡ್ ಖಾಲಿ ಮಾಡುತ್ತೆ. ಕೆಲವು ಬ್ಯಾಕ್ಟೀರಿಯಾ ತಾವೇ ಅಂಥ ಕೀಲಿ ತಯಾರಿಸಿ ಕೊಡುತ್ತವೆ. ಆಗ ಸೌಮ್ಯದ್ದೂ ಜೋರಾಗುತ್ತೆ. ಲಸೋಟಾ ಜೀವಂತ ಲಸಿಕೆ. ಆರೋಗ್ಯದ ಕೋಳಿಗೆ ಎರಡು ದಿನ ಸೀನು ಬಂದು ಹೋಗುತ್ತೆ. ಒಳಗೆ ಮೊದಲೇ ಏನೋ ಇದ್ದ ಕೋಳಿಗೆ ಅದೇ ಭಾರ. ನಿಮ್ಮಲ್ಲಿ ಹೀಗೇ ಆಗಿರಬಹುದು, ಆಗದೆಯೂ ಇರಬಹುದು. ಅದಕ್ಕೇ ಪರೀಕ್ಷೆ ಬೇಕು ಅನ್ನೋದು.

ರಾತ್ರಿ ಲೈಟ್ ಆರಿಸಿ ಶೆಡ್‌ನಲ್ಲಿ ಸುಮ್ನೆ ಐದು ನಿಮಿಷ ನಿಲ್ಲಿ, ಗೊರಗೊರ ಯಾವ ಮೂಲೆಯಿಂದ ಅಂತ ತಿಳಿಯುತ್ತೆ. ಎರಡು ಮೊಟ್ಟೆ ತಾಟಿನಲ್ಲಿ ಒಡೆದು ನೋಡಿ. ಬಿಳಿ ಭಾಗ ನೀರಿನ ಹಾಗೆ ಹರಿದರೆ, ಸಿಪ್ಪೆ ಶೆಂಗಾಕಾಯಿಯ ಹಾಗೆ ಸುಕ್ಕಾಗಿದ್ದರೆ ಐಬಿ ಅನುಮಾನ. ಜುಟ್ಟು ನೀಲಿಯಾಗಿ ಮುಖ ಊದಿದರೆ, ಕಾಲಿನ ಚಿಪ್ಪಿನ ಕೆಳಗೆ ರಕ್ತದ ಕಲೆ ಕಂಡರೆ, ಅಥವಾ ಯಾವ ಲಕ್ಷಣವೂ ಇಲ್ಲದೆ ರಾತ್ರೋರಾತ್ರಿ ಹತ್ತಿಪ್ಪತ್ತು ಸತ್ತರೆ, ಅದನ್ನು ಎಚ್5 ಅಂತಲೇ ಎಣಿಸಿ ಆ ಕ್ಷಣವೇ ಪಶು ವೈದ್ಯರಿಗೆ ಹೇಳಿ. 1962ಕ್ಕೂ ಫೋನ್ ಮಾಡಬಹುದು. ಕೊಕ್ಕರೆ ರೋಗವೂ ಹೀಗೇ ಕೊಲ್ಲುತ್ತೆ, ಕಣ್ಣಲ್ಲಿ ಬೇರ್ಪಡಿಸೋಕೆ ಆಗಲ್ಲ.

ನಿಮ್ಮಲ್ಲಿ ಅಷ್ಟು ಜೋರಿಲ್ಲದಿದ್ದರೂ ಇವತ್ತೇ ವೈದ್ಯರನ್ನು ಕರೆಸಿ. ಐದಾರು ಕೋಳಿಯಿಂದಾದರೂ ಗಂಟಲಿನ, ಹಿಂಭಾಗದ ಸ್ವಾಬ್ (ಹತ್ತಿಕಡ್ಡಿಯಲ್ಲಿ ಒರೆಸಿದ ಮಾದರಿ) ತೆಗೆಯಲು ಹೇಳಿ. ಎರಡು ವೈರಸ್ ಇದ್ದಾಗ ಒಂದು ಇನ್ನೊಂದನ್ನು ಅದುಮಿಡಬಹುದು, ಒಂದೇ ಕೋಳಿಯಲ್ಲಿ ಎರಡೂ ಸಿಗದೇ ಹೋಗಬಹುದು. ಲಸೋಟಾ ಹಾಕಿದ ತಾರೀಖು ಮರೆಯದೆ ಬರೆಸಿ. ಇಲ್ಲವಾದರೆ ಲಸಿಕೆಯ ವೈರಸ್ಸೇ ಪರೀಕ್ಷೆಯಲ್ಲಿ ಸಿಕ್ಕಿ ಕೊಕ್ಕರೆ ರೋಗ ಅಂತ ಬರುತ್ತೆ. ಸ್ಟ್ರಿಪ್ ಟೆಸ್ಟ್ ಹಕ್ಕಿಜ್ವರದ ಜಾತಿ ಅಂತ ತೋರಿಸಿದರೂ ಎಚ್5ಓ ಎಚ್9ಓ ಹೇಳಲ್ಲ. ಅದಕ್ಕೆ ಪಿಸಿಆರ್ ಬೇಕು. ಎಚ್5 ಹೌದು ಅಂತ ಖಚಿತಪಡಿಸುವುದು ಭೋಪಾಲದ ಕೇಂದ್ರ ಪ್ರಯೋಗಾಲಯ.

ಸತ್ತ ಕೋಳಿಯನ್ನು ನೀವೇ ಕೊಯ್ದು ನೋಡಬೇಡಿ. ಈಗಷ್ಟೇ ಸತ್ತ ಎರಡನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ಡಬ್ಬಿಯಲ್ಲಿಡಿ, ಮನೆಯ ಫ್ರಿಜ್ಜಿನಲ್ಲಿ ಬೇಡ. ಉಳಿದವನ್ನು ಸುಣ್ಣ ಹಾಕಿ ಆಳವಾಗಿ ಹೂಳಿ. ಕಾಲುವೆಗೆ ಎಸೆಯುವವರನ್ನು ನಾನೇ ನೋಡಿದ್ದೇನೆ, ಬೈದೂ ಇದ್ದೇನೆ. ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಶೆಡ್ಡಿಗೆ ಬೇರೆ ಚಪ್ಪಲಿ ಇರಲಿ, ಮಕ್ಕಳು ಒಳಗೆ ಬರಬಾರದು. ನಿಮಗೇ ಜ್ವರ, ಕೆಮ್ಮು ಬಂದರೆ ಕೋಳಿ ವಿಷಯ ಡಾಕ್ಟರಿಗೆ ಹೇಳಿ.

ಫಲಿತಾಂಶ ಬರುವವರೆಗೆ ಹೊಸ ಲಸಿಕೆ ಯಾವುದೂ ಬೇಡ. ಸಂತೆಗೆ ಒಂದು ಕೋಳಿಯೂ ಹೋಗಬಾರದು. ಮೊಟ್ಟೆ ಟ್ರೇ ಬದಲಾಯಿಸುವವರನ್ನು ಗೇಟಿನಲ್ಲೇ ನಿಲ್ಲಿಸಿ. ಆಲಮಟ್ಟಿ ಹಿನ್ನೀರಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಇಳಿಯುತ್ತವೆ. ಆ ನೀರನ್ನು ಕೋಳಿಗೆ ಕೊಡುತ್ತಿದ್ದರೆ ನಿಲ್ಲಿಸಿ, ಬೋರ್ ನೀರು ಕೊಡಿ. ಚಳಿ ಅಂತ ಗೋಣಿಪರದೆ ಪೂರ್ತಿ ಇಳಿಸಿದ್ದೀರಾ? ಮೇಲೆ ಒಂದು ಅಡಿ ಬಿಡಿ. ಹಿಕ್ಕೆಯ ಗಾಳಿ ಕಣ್ಣು ಉರಿಸುತ್ತಿದ್ದರೆ ಕೋಳಿಯ ಶ್ವಾಸನಾಳ ಆಗಲೇ ಸುಟ್ಟಿದೆ ಅಂತಲೇ ಲೆಕ್ಕ.

ಹೇಳಿದರೆ ಇಲಾಖೆಯವರು ಎಲ್ಲ ಕೊಲ್ಲುತ್ತಾರೆ ಅನ್ನೋ ಹೆದರಿಕೆ ನಿಮ್ಮ ಬರಹದಲ್ಲಿ ಕಾಣುತ್ತೆ. ಐಬಿ ಅಥವಾ ಎಚ್9 ಬಂದರೆ ಹಾಗೆ ಕೊಲ್ಲುವುದಿಲ್ಲ. ಎಚ್5 ಆದರೆ ಸುತ್ತಲಿನ ಒಂದು ಕಿಲೋಮೀಟರ್ ಒಳಗಿನ ಕೋಳಿ ಕೊಲ್ಲುತ್ತಾರೆ, ನಿಜ. 2025ರಲ್ಲಿ ಸಂಡೂರು, ಚಿಕ್ಕಬಳ್ಳಾಪುರ ಕಡೆ ಅದು ದೃಢಪಟ್ಟಿತ್ತು. ಆದರೆ ಪರಿಹಾರ ಸಿಗುವುದು ಅವರು ಕೊಂದ ಕೋಳಿಗೆ, ತಾನಾಗಿ ಸತ್ತಿದ್ದಕ್ಕಲ್ಲ. ತಡ ಮಾಡಿದಷ್ಟೂ ನಿಮಗೇ ಲುಕ್ಸಾನು.

ಇವತ್ತು ಸಂಜೆವರೆಗೆ ಎಷ್ಟು ಸತ್ತವು ಅಂತ ಬರೆಯಿರಿ. ಒಡೆದ ಮೊಟ್ಟೆಯ ಫೋಟೊನೂ ಹಾಕಿ.