ಹಡಗಿನಲ್ಲಿ ಐದು ರಾತ್ರಿ ಹೊತ್ತು ಹೋಗುತ್ತಾ?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ಮಗಳು ನಮ್ಮಿಬ್ಬರಿಗೆ ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿ ಬರುವ ಐದು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದಾಳೆ. ಅದರಲ್ಲಿ ಎರಡು ದಿನ ಪೂರ್ತಿ ಸಮುದ್ರದಲ್ಲೇ, ಎಲ್ಲೂ ಇಳಿಯುವಂತಿಲ್ಲ. ನಮಗೆ ಟೂರ್ ಅಂದರೆ ಟಿಟಿ ಮಾಡಿಕೊಂಡು ಧರ್ಮಸ್ಥಳ, ಕುಕ್ಕೆ, ಉಡುಪಿ ಎಲ್ಲ ಒಂದೇ ಏಟಿಗೆ ಮುಗಿಸಿ ಬರುವುದು. ಸುಮ್ನೆ ಕೂತು ಬೇಸರ ಆಗಲ್ವಾ? ದುಡ್ಡು ದಂಡ ಅನ್ನಿಸುತ್ತಿದೆ.
– ವಿದ್ಯಾನಗರ, ದಾವಣಗೆರೆ

ಉತ್ತರ: ಮೊದಲ ದಿನ ಆಗಬಹುದು ಸರ್. ಎರಡನೇ ದಿನಕ್ಕೆ ಮೈ ಒಗ್ಗಿಕೊಳ್ಳುತ್ತದೆ. ನನ್ನನ್ನು ಕೇಳಿದರೆ, ಇಳಿಯಲಾಗದ ಆ ಎರಡು ದಿನಗಳೇ ಈ ಪ್ರವಾಸದ ತಿರುಳು. ಊರು ನೋಡುವುದಾದರೆ ರೈಲು, ವಿಮಾನ ಇದ್ದೇ ಇವೆ.

ಕ್ರೂಸ್ ಹಡಗು ಸಾಮಾನ್ಯವಾಗಿ ಗಂಟೆಗೆ 30–35 ಕಿ.ಮೀ. ವೇಗದಲ್ಲಿ ಸಾಗುತ್ತದೆ. ನೀವು ಸ್ಕೂಟಿಯಲ್ಲಿ ಆರಾಮಾಗಿ ಹರಿಹರಕ್ಕೆ ಹೋದಷ್ಟು. ಆದರೆ ಅದು ರಾತ್ರಿ ಹಗಲು ನಿಲ್ಲುವುದಿಲ್ಲ. ನೀವು ಮಲಗಿ ಏಳುವಷ್ಟರಲ್ಲಿ ನೂರಾರು ಕಿಲೋಮೀಟರ್ ದಾಟಿರುತ್ತದೆ. ಅವಸರ ನಿಮ್ಮ ಕಡೆಯಿಂದ ಬೇಕಾಗಿಯೇ ಇಲ್ಲ.

ಹಡಗು ಹೊರಡುವ ಮುಂಚೆ ಸುರಕ್ಷತೆಯ ಡ್ರಿಲ್ ಇರುತ್ತದೆ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಸೈರನ್ ಆದರೆ ಎಲ್ಲಿ ಸೇರಬೇಕು ಅಂತ ಹೇಳಿಕೊಡುತ್ತಾರೆ. ಅದನ್ನು ತಪ್ಪಿಸುವಂತಿಲ್ಲ. ಉಳಿದ ಯಾವ ಕಾರ್ಯಕ್ರಮಕ್ಕೂ ಕಡ್ಡಾಯ ಅನ್ನುವುದಿಲ್ಲ. ದಿನದ ಕಾರ್ಯಕ್ರಮದ ಪಟ್ಟಿ ಕೈಗೆ ಬಂದಾಗ ನಮ್ಮವರು ಮಾಡುವ ತಪ್ಪು ಒಂದೇ: ಕೊಟ್ಟ ಕಾಸು ವಸೂಲಿ ಆಗಲಿ ಅಂತ ಮ್ಯಾಜಿಕ್ ಶೋ, ಡ್ಯಾನ್ಸ್, ಹೌಸಿ ಎಲ್ಲದಕ್ಕೂ ಓಡುವುದು. ದಿನಕ್ಕೆ ಒಂದು ಸಾಕು. ಸಂಜೆಯದ್ದಾದರೆ ಒಳ್ಳೆಯದು.

ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಮಾಡುವ ರೂಢಿ ಇದೆಯಾ? ಅದೇ ಹೊತ್ತಿಗೆ ಎದ್ದು ತೆರೆದ ಡೆಕ್ಕಿಗೆ (ಹಡಗಿನ ಅಂತಸ್ತಿಗೆ ಡೆಕ್ ಅನ್ನುತ್ತಾರೆ) ಬನ್ನಿ. ಬಿಸಿಲೇರಿದ ಮೇಲೆ ಅಲ್ಲಿ ನಿಲ್ಲುವುದು ಕಷ್ಟ, ಜನರೂ ಜಾಸ್ತಿ. ಕಟಕಟೆ ಹಿಡಿದು ಕೆಳಗೆ ನೀರನ್ನೇ ನೋಡುತ್ತಿರಿ. ಹಡಗಿನ ಮೂತಿ ಅಲೆ ಸೀಳುವ ಕಡೆ, ಅದೃಷ್ಟ ಇದ್ದರೆ, ಹಾರುವ ಮೀನು ಕಾಣುತ್ತವೆ. ಗೇಣುದ್ದದವು ಐದಾರು ಒಟ್ಟಿಗೆ ಚಿಮ್ಮಿ, ಅಗಲವಾದ ಈಜುರೆಕ್ಕೆ ಬಿಚ್ಚಿ, ನೀರಿಗೆ ಒಂದಿಷ್ಟೇ ಮೇಲೆ ತೇಲಿಕೊಂಡು ಹೋಗಿ ಪುಸಕ್ಕನೆ ಮುಳುಗುತ್ತವೆ. ಅರ್ಧ ಗಂಟೆ ಕಾದರೂ ಒಂದೂ ಬರದೇ ಇರಬಹುದು. ಮೇಲಿನ ಡೆಕ್ಕಿನಿಂದ ಅವು ಸರಿಯಾಗಿ ಕಾಣುವುದಿಲ್ಲ, ಕೆಳಗಿನ ತೆರೆದ ಡೆಕ್ ನೋಡಿಕೊಳ್ಳಿ. ಇನ್ನೊಂದು ವಿಷಯ. ಮುಂಬೈಯಿಂದ ದಕ್ಷಿಣಕ್ಕೆ ಹೋಗುವಾಗ ಸೂರ್ಯ ಮುಳುಗುವುದು ಹಡಗಿನ ಬಲಗಡೆ, ವಾಪಸ್ ಬರುವಾಗ ಎಡಗಡೆ. ಕುರ್ಚಿ ಹಾಗೆ ಹಿಡಿಯಿರಿ.

ದಡ ದೂರವಾದಂತೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಆಗ ಫೋನ್ ಫ್ಲೈಟ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದು ರೋಮಿಂಗ್ ಬಿಲ್ ಬರಬಹುದು. ಎರಡು ದಿನ ಫೋನ್ ಬರುವುದಿಲ್ಲ ಅಂತ ಮಗಳಿಗೆ ಮೊದಲೇ ಹೇಳಿಬಿಡಿ. ಸಸ್ಯಾಹಾರಕ್ಕೆ ತೊಂದರೆ ಇಲ್ಲ, ನಮ್ಮ ದೇಶದ ಹಡಗಿನಲ್ಲಿ ಜೈನ ಊಟವೂ ಇರುತ್ತದೆ. ಸಂಜೆ ಮಂಡಕ್ಕಿ ಮಿರ್ಚಿ ಮಾತ್ರ ಕೇಳಬೇಡಿ!

ಲಕ್ಷದ್ವೀಪದ ಸುತ್ತ ಹವಳದ ದಿಬ್ಬಗಳು, ಆಳ ಕಡಿಮೆ. ಹಾಗಾಗಿ ದೊಡ್ಡ ಹಡಗು ದೂರದಲ್ಲೇ ನಿಂತು, ಸಣ್ಣ ದೋಣಿಯಲ್ಲಿ ಜನರನ್ನು ದಡಕ್ಕೆ ಬಿಡುತ್ತಾರೆ. ಅಲೆ ಜೋರಿದ್ದರೆ ಇಳಿಯುವುದೇ ರದ್ದಾಗಬಹುದು. ಹಾಗಾದರೂ ಮುಖ ಸಣ್ಣ ಮಾಡಿಕೊಳ್ಳಬೇಡಿ, ಇನ್ನೊಂದು ದಿನ ನೀರಿನ ಮೇಲೆ ಸಿಕ್ಕಿತು ಅಂದುಕೊಳ್ಳಿ.

ಪ್ರಶ್ನೆ: ನನಗೆ ಆಗುಂಬೆ ಘಾಟಿಯಲ್ಲೇ ವಾಂತಿ. ಹಡಗು ಹತ್ತಬಹುದಾ?
– ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಉತ್ತರ: ಹತ್ತಬಹುದಮ್ಮ. ದೊಡ್ಡ ಹಡಗಿಗೆ ನೀರೊಳಗೆ ಎರಡೂ ಪಕ್ಕ ರೆಕ್ಕೆ ಇರುತ್ತವೆ, ಓಲಾಟ ಕಡಿಮೆ ಮಾಡುತ್ತವೆ. ರೂಮು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕೇಳಿ. ಮೇಲಿನ ಬಾಲ್ಕನಿ ರೂಮಿಗೆ ದುಡ್ಡೂ ಜಾಸ್ತಿ, ತೂಗಾಟವೂ ಜಾಸ್ತಿ. ಹೊಟ್ಟೆ ಖಾಲಿ ಬಿಡಬೇಡಿ. ತಲೆ ತಿರುಗಿದರೆ ಮೊಬೈಲ್ ಪಕ್ಕಕ್ಕಿಟ್ಟು, ಹೊರಗೆ ಬಂದು ದೂರದ ದಿಗಂತ ನೋಡಿ. ಮಾತ್ರೆಯನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿ ಇಟ್ಟುಕೊಳ್ಳಿ, ವಾಂತಿ ಶುರುವಾದ ಮೇಲೆ ನುಂಗಿದರೆ ಅಷ್ಟು ಪ್ರಯೋಜನ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಸಹವಾಸ ಬೇಡ. ಡಿಸೆಂಬರ್ ಕಳೆದ ಮೇಲೆ ಟಿಕೆಟ್ ನೋಡಿ.